ಉಷಾ ಓಡಿಸೋ ಕಾರಿಗೆ ಯಾವ ಡಿಫರೆನ್ಷಿಯಲ್

೧೪ ಆಗಸ್ಟ್ ೨೦೦೫, ಭಾನುವಾರ. ಅರಸೀಕೆರೆ.

ಶುಕ್ರವಾರದಿಂದ ಮನಸ್ಸು ಸರಿಯಿರಲಿಲ್ಲ. ನಮ್ಮ ಕಾಂಟೆಸ್ಸಾ ಕಾರಿಗೆ ನಾನು ಹಾಕಿಸಿದ್ದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಿಂದಿನ ಎರಡೂ ಚಕ್ರಗಳನ್ನು ಬಿಗಿಯಾಗಿ ಜೊತೆಗೇ ತಿರುಗಿಸುತ್ತೆ. ಬಯಲಲ್ಲಿ ಡ್ರಿಫ್ಟ್ ಮಾಡೋಕೆ, ಅಂದರೆ ಹಿಂಭಾಗ ಬೇಕಂತಲೇ ಜಾರಿಸಿ ತಿರುಗಿಸೋಕೆ, ಅದೇ ಬೇಕು. ಆದರೆ ಅದೇ ಕಾರಲ್ಲಿ ನನ್ನ ಹೆಂಡತಿ ಉಷಾ ದಿನಾ ಬಾಣಾವರಕ್ಕೆ ಪಾಠ ಹೇಳೋಕೆ ಹೋಗ್ತಾಳೆ. ಶುಕ್ರವಾರ ಜಿಟಿಜಿಟಿ ಮಳೆಯಲ್ಲಿ ತಿರುವಿನಲ್ಲಿ ಹಿಂಭಾಗ ಜಾರಿ, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತಂತೆ. ಪೆಟ್ಟಾಗಲಿಲ್ಲ, ಸದ್ಯ.

"ಇನ್ಮೇಲೆ ಬಸ್ಸಲ್ಲೇ ಹೋಗ್ತೀನಿ ಕಣ್ರೀ" ಅಂದಳು. ಬೈಯಲೂ ಇಲ್ಲ. ಎಷ್ಟು ಹಟ ಹಿಡಿದು ಡ್ರೈವಿಂಗ್ ಕಲಿತವಳು!

ಮೆಕ್ಯಾನಿಕ್ ತಿಮ್ಮೇಶನ ಹತ್ತಿರ ಇನ್ನೊಂದು ಡಿಫರೆನ್ಷಿಯಲ್ ಇತ್ತು, ಚಕ್ರಗಳನ್ನು ಮೆತ್ತಗೆ ಹಿಡಿಯೋದು. "ರಸ್ತೇಲಿ ಭಯ ಇಲ್ಲಣ್ಣ, ಆದ್ರೆ ನಿಮ್ ಡ್ರಿಫ್ಟಿಂಗ್ ಮಜ ಅರ್ಧ ಹೋಯ್ತದೆ" ಅಂದ. ನಿನ್ನೆ ಅದನ್ನೇ ಹಾಕಿಸಿದೆ. ಆ ಮಜ ಬಿಡೋಕೆ ಬೇಜಾರಾದದ್ದೂ ನಿಜ.

ಬೆಳಿಗ್ಗೆ ಅವಳನ್ನು ಒತ್ತಾಯ ಮಾಡಿ ಸ್ಟಿಯರಿಂಗ್ ಮುಂದೆ ಕೂರಿಸಿ, ಪಕ್ಕದಲ್ಲಿ ಕೂತೆ. ಆ ತಿರುವಿನಲ್ಲಿ ಉಸಿರು ಬಿಗಿ ಹಿಡಿದಳು. ಕಾರು ಸುಮ್ಮನೆ ತಿರುಗಿತು. ಮನೆಗೆ ವಾಪಸ್ ಬರ್ತಾಳೆ ಅಂದುಕೊಂಡರೆ, ನಾನು ಡ್ರಿಫ್ಟ್ ಮಾಡೋ ಬಯಲಿಗೆ ಕಾರು ಇಳಿಸಿದಳು.

"ಜಾರಿದ್ರೆ ಹಿಡಿಯೋದು ಹೆಂಗೆ, ಹೇಳಿಕೊಡಿ."

"ಇದರಲ್ಲಿ ಜಾರಿಸೋಕೆ ಸ್ವಲ್ಪ ಕಷ್ಟ ಪಡಬೇಕು ಕಣೇ."

"ಪಡೋಣ" ಅಂದಳು.

ಎರಡು ಸಲ ಕಾರು ಗಿರ್ರನೆ ಸುತ್ತಿ ಇಂಜಿನ್ ಬಂದ್ ಆಯ್ತು. ಮೂರನೇ ಸಲ ಹಿಂಭಾಗ ಜಾರುತ್ತಿದ್ದಂತೆ ಸ್ಟಿಯರಿಂಗ್ ಆ ಕಡೆಗೇ ತಿರುಗಿಸಿ ಹಿಡಿದೇಬಿಟ್ಟಳು. ಧೂಳಿನಲ್ಲಿ ಕೆಮ್ಮುತ್ತಾ ನಗು ಬೇರೆ.

ರಾತ್ರಿಯಾದರೂ ನಮ್ಮಮ್ಮನಿಗೆ ಇನ್ನೂ ಅದನ್ನೇ ಹೇಳ್ತಾ ಇದ್ದಾಳೆ, ಅಡುಗೆಮನೆಯಲ್ಲಿ, ಕೈ ತಿರುಗಿಸಿ ತೋರಿಸಿ. ಅಮ್ಮ ಶಿವಾ ಶಿವಾ ಅಂತಿದ್ದಾರೆ. ನನಗೆ ಕಣ್ಣು ಎಳೀತಿದೆ, ಆದರೂ ಆ ದನಿ ಕೇಳ್ತಾ ಇನ್ನೊಂದು ಗಳಿಗೆ ಎದ್ದಿರ್ತೀನಿ.