ಒಂದು ಮನೆಗೆ ನಾಲ್ಕೇ ಬದಿ

ಕಡಲು ಒಳಬಂದ ನೂರ ಹನ್ನೆರಡನೇ ವರ್ಷ, ಕಟ್ಟುತಿಂಗಳ ಮೂವತ್ತೊಂಬತ್ತನೇ ದಿನ
ನೇತ್ರಾವತಿ ಅಳಿವೆಯ ತೇಲುಸಾಲಿನಿಂದ

ಯಾರದೋ ಮನೆಯ ಹಜಾರದಲ್ಲಿ ವಾರಕ್ಕೊಮ್ಮೆ ಕೂಡಿ ಪ್ರಾರ್ಥಿಸುವ, ಹಿಂದಿನ ಕಾಲದ ಕೆಲವೇ ಜನರಿಗೆ,

ವಂದನೆಗಳು. ದಿನಾಂಕ ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ಕಟ್ಟುತಿಂಗಳು ಮೊದಲ ಮಳೆ ಬೀಳುವವರೆಗೆ ಮುಗಿಯುವುದಿಲ್ಲ. ಕೆಲವು ವರ್ಷ ಬೇಗ ಮುಗಿಯುತ್ತದೆ, ಕೆಲವು ವರ್ಷ ಸಾಕುಸಾಕಾಗುವಷ್ಟು ಉದ್ದವಾಗುತ್ತದೆ. ನನ್ನ ಕೆಲವು ಪದಗಳೂ ನಿಮಗೆ ಹೀಗೆಯೇ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲ ನನಗೆ ಗೊತ್ತಿರುವುದು ಅನುವಾದವಾಗಿ ಉಳಿದುಬಂದ ಕಾದಂಬರಿಗಳಿಂದ ಮಾತ್ರ. ಅವುಗಳಲ್ಲಿ ಜನರು ನೆರೆಮನೆಯವರ ಗಲಾಟೆಯ ಬಗ್ಗೆ ಪುಟಗಟ್ಟಲೆ ಗೊಣಗುತ್ತಾರೆ. ಓದುವಾಗ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ನಾವು ನೀರಿನ ಮೇಲೆ ವಾಸಿಸುತ್ತೇವೆ. ನಿಮ್ಮ ಮಂಗಳೂರಿನ ತಗ್ಗು ಬೀದಿಗಳೆಲ್ಲ ಈಗ ಮೀನುಗಳದ್ದು. ನಮ್ಮದು ತೇಲುಮನೆಗಳು: ಒಂದೇ ಕೋಣೆ, ತೆಳುವಾದ ಗೋಡೆ, ಕೆಳಗೆ ಗಾಳಿ ತುಂಬಿದ ಪೀಪಾಯಿಗಳು. ಬೇಸಿಗೆಯಲ್ಲಿ ಪ್ರತಿ ಮನೆಯೂ ತನಗೆ ಬೇಕಾದ ಕಡೆ ಲಂಗರು ಹಾಕಿಕೊಂಡಿರುತ್ತದೆ. ಮಳೆಗೆ ಮುಂಚೆ ಎಲ್ಲವನ್ನೂ ಅಳಿವೆಯೊಳಗೆ ಎಳೆದು ತಂದು, ಮನೆಗೆ ಮನೆ ಸೇರಿಸಿ ಹಗ್ಗದಿಂದ ಬಿಗಿಯುತ್ತಾರೆ. ಇದಕ್ಕೆ ಮಳೆಕಟ್ಟು ಎನ್ನುತ್ತೇವೆ. ಒಂದಕ್ಕೊಂದು ಬಿಗಿದ ಮನೆಗಳು ಅಲೆಗೆ ಮಗುಚುವುದಿಲ್ಲ. ಯಾರ ಪಕ್ಕ ಯಾರು ಎಂಬುದನ್ನು ಜನರು ಮೊದಲೇ ಕಟ್ಟುಗಾರನಿಗೆ ತಿಳಿಸಬೇಕು. ಯಾರೂ ಕೇಳದ ಮನೆಯನ್ನು ಸಾಲಿನಿಂದ ದೂರ, ನೀರಿನ ನಡುವೆ ನೆಟ್ಟ ಕಬ್ಬಿಣದ ಕಂಬಕ್ಕೆ ಕಟ್ಟುತ್ತಾರೆ. ಅದು ಒಂಟಿಗೂಟ. ಅಪಾಯವೇನೂ ಇಲ್ಲ, ಕಂಬ ಗಟ್ಟಿ. ಆದರೆ ಮಳೆಗಾಲ ಮುಗಿಯುವವರೆಗೆ ಅಲ್ಲಿಗೆ ಅಕ್ಕಿಯ ದೋಣಿಯೊಂದನ್ನು ಬಿಟ್ಟು ಬೇರೇನೂ ಬರುವುದಿಲ್ಲ.

ನಾನು ಬಳ್ಳಾರಿ ಕಡೆಯವಳು. ಇಲ್ಲಿ ನನ್ನ ಕೆಲಸ ಉಪ್ಪುಗಾವಲು, ಅಂದರೆ ಮನೆಮನೆಯ ಕುಡಿಯುವ ನೀರಿನ ತೊಟ್ಟಿಗೆ ಸಮುದ್ರದ ನೀರು ಸೇರಿದೆಯೇ ಎಂದು ಪರೀಕ್ಷಿಸುವುದು. ಎಲ್ಲರ ಮನೆಗೂ ಹೋಗುವ, ಯಾರ ಮನೆಯಲ್ಲೂ ಕೂರದ ಕೆಲಸ. ಮೂರು ಮಳೆಗಾಲ ಒಂಟಿಗೂಟದಲ್ಲಿ ಕಳೆದೆ. ಮಳೆ ನಿಂತು ಮೊದಲ ತೊಟ್ಟಿಯ ಮುಂದೆ ಬಾಯಿ ತೆರೆದರೆ, ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ ಸಂಜೆ ಪೆರ್ಸಿಸಕ್ಕನ ತೊಟ್ಟಿ ನೋಡಲು ಹೋದೆ. ಆಕೆ ದೋಣಿಗಳ ಹಾಯಿ ಹೊಲಿಯುವ ಹೆಂಗಸು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಳಗೆ ಚಾಪೆಯ ಮೇಲೆ ಏಳೆಂಟು ಜನ ಕೂತು ಹಾಡುತ್ತಿದ್ದರು. ಶ್ರುತಿ ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ. ಹಾಡು ಮುಗಿಯುವವರೆಗೆ ಕಾಯೋಣವೆಂದು ನಾನು ಹೊಸ್ತಿಲಲ್ಲೇ ಕೂತೆ. ಈ ಪ್ರಾರ್ಥನಾಕೂಟಕ್ಕೆ ಒಂದು ಪದ್ಧತಿ ಇದೆ. ಇಲ್ಲಿ ಯಾರೂ ತಮಗಾಗಿ ಬೇಡಿಕೊಳ್ಳುವುದಿಲ್ಲ; ಪ್ರತಿಯೊಬ್ಬರೂ ತಮ್ಮ ಎಡಕ್ಕೆ ಕೂತವರಿಗಾಗಿ ಪ್ರಾರ್ಥಿಸಬೇಕು. ಹಾಗಾಗಿ ಪಕ್ಕದವರ ವಾರ ಹೇಗೆ ಕಳೆಯಿತು ಎಂದು ತಿಳಿದಿರಲೇಬೇಕು. ಆ ದಿನ ಹೊಸ್ತಿಲಿದ್ದದ್ದು ದೋಣಿ ನಡೆಸುವ ಓಬೇದಣ್ಣನ ಎಡಕ್ಕೆ. ಅವರು ಕಣ್ಣು ಮುಚ್ಚಿದವರು ಅರ್ಧ ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿದರು.

"ಕರ್ತನೇ, ತೊಟ್ಟಿ ನೋಡುವ ಈ ತಂಗಿಯ ವಿಷಯ ನಮಗೆ ಹೆಚ್ಚು ಗೊತ್ತಿಲ್ಲ, ನಿನಗೆ ಗೊತ್ತುಂಟು. ಆಚೆಯೂ ಅಲ್ಲ ಈಚೆಯೂ ಅಲ್ಲ ಅಂತ ಕೂತಿದ್ದಾಳೆ. ಅವಳನ್ನು ಸ್ವಲ್ಪ ಒಳಗೆ ತಾ. ಚಾ ಆರ್ತಾ ಉಂಟು."

ಎಲ್ಲರೂ ಆಮೆನ್ ಎಂದರು. ನಾನು ಒಳಗೆ ಹೋದೆ. ಕ್ರೈಸ್ತ ಮನೆಯಲ್ಲೇ ಹುಟ್ಟಿದವಳಾದರೂ ಯಾರೋ ಒಬ್ಬರು ನನ್ನ ವಿಷಯವನ್ನು ದೇವರಿಗೆ ಅಷ್ಟು ನೇರವಾಗಿ ಹೇಳಿದ್ದನ್ನು ಅದೇ ಮೊದಲು ಕೇಳಿದ್ದು.

ಅಂದಿನಿಂದ ಗುರುವಾರ ತಪ್ಪಿಸಲಿಲ್ಲ. ಕೂಟದಲ್ಲಿ ವಿಶೇಷವಾದದ್ದೇನೂ ನಡೆಯುವುದಿಲ್ಲ. ಒಂದು ಅಧ್ಯಾಯ ಓದುತ್ತೇವೆ, ಅದರ ಬಗ್ಗೆ ವಾದ ಮಾಡುತ್ತೇವೆ, ಕಡಲಸೊಪ್ಪಿನ ಪತ್ರೊಡೆ ತಿನ್ನುತ್ತೇವೆ. ಆದರೆ ವಾರದ ಮಧ್ಯೆ ನಾನು ಯಾರದೋ ತೊಟ್ಟಿಯ ಮುಂದೆ ಬಗ್ಗಿರುವಾಗ ಓಬೇದಣ್ಣ ದೋಣಿ ನಿಲ್ಲಿಸಿ, "ಹಲ್ಲುನೋವು ಎಂತಾಯ್ತು? ನಾಡಿದ್ದು ದೇವರ ಹತ್ರ ಹೇಳ್ಬೇಕಲ್ವಾ, ಸುಳ್ಳು ಹೇಳ್ಲಿಕ್ಕಾಗ್ತದಾ?" ಎಂದು ಕೇಳುತ್ತಿದ್ದರು. ನಾನೂ ಎಡಕ್ಕೆ ಕೂತವರ ಮಗುವಿನ ಜ್ವರ, ಅತ್ತೆಯ ಕಿವುಡು, ಹರಿದ ಬಲೆ ಎಲ್ಲವನ್ನೂ ತಿಳಿದುಕೊಳ್ಳತೊಡಗಿದೆ. ನಿಖರವಾಗಿ ಹೇಳುವುದು ನನ್ನ ಸ್ವಭಾವ. ನನ್ನ ಪ್ರಾರ್ಥನೆ ಆಸ್ಪತ್ರೆಯ ವರದಿಯಂತೆ ಇರುತ್ತದೆ ಎಂದು ನಗುತ್ತಿದ್ದರು. ಆ ನಗು ನನಗೆ ಹಿತವಾಗಿತ್ತು.

ಕಟ್ಟುತಿಂಗಳು ಬಂದಾಗ ಒಳಗೊಳಗೇ ಭಯವಾಯಿತು. ನನ್ನ ಮನೆಯನ್ನು ಪಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಯಾರೂ ಹೇಳಲಿಲ್ಲ. ಬೇರೆ ಎಲ್ಲವನ್ನೂ ಕೇಳಿದರು, ಅದೊಂದನ್ನು ಬಿಟ್ಟು. ನಾನಾಗಿ ಕೇಳುವುದು ಪದ್ಧತಿಯಲ್ಲ, ಸ್ವಭಾವವಂತೂ ಅಲ್ಲವೇ ಅಲ್ಲ. ವಾರಕ್ಕೊಮ್ಮೆ ಚಾಪೆಯಲ್ಲಿ ಜಾಗ ಕೊಡುವುದು ಬೇರೆ, ಇಡೀ ಮಳೆಗಾಲ ಗೋಡೆಗೆ ಗೋಡೆ ತಾಗಿಸಿಕೊಂಡು ಇರುವುದು ಬೇರೆ ಎಂದು ನನಗೆ ನಾನೇ ಹೇಳಿಕೊಂಡು, ಒಂಟಿಗೂಟಕ್ಕೆ ಬೇಕಾದ ಉಪ್ಪಿನಕಾಯಿ, ದೀಪದ ಎಣ್ಣೆ ಹೊಂದಿಸತೊಡಗಿದೆ.

ಹಗ್ಗ ಬಿಗಿಯುವ ಮುಂಚಿನ ಕೊನೆಯ ಗುರುವಾರ ನಾವು ಓದಿದ್ದು, ನಡೆಯಲಾರದ ಗೆಳೆಯನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತಂದು, ಮನೆಯ ಮಾಡಿನ ಹೆಂಚು ತೆಗೆದು ಒಳಗಿದ್ದ ಕರ್ತನ ಮುಂದೆ ಇಳಿಸಿದ ಕಥೆ. ಓದು ಮುಗಿಯುವಷ್ಟರಲ್ಲಿ ಕಟ್ಟುಗಾರ ಐತಪ್ಪ ಸಿಟ್ಟಿನಿಂದ ಬಾಗಿಲಿಗೆ ಬಂದು ನಿಂತ.

"ಎಂತ ಮಾರಾಯ್ರೆ ನೀವು? ಈ ಯೂನಿಕೆಯವರ ಮನೆ ನನ್ನ ಪಕ್ಕ ಕಟ್ಟು ಅಂತ ಐದು ಜನ ಬಂದು ಹೇಳಿ ಹೋಗಿದ್ದೀರಿ. ಒಬ್ಬರಿಗೊಬ್ಬರು ಮಾತಾಡುದಿಲ್ವಾ? ಒಂದು ಮನೆಗೆ ನಾಲ್ಕೇ ಬದಿ ಇರುದು!"

ಯೂನಿಕೆ ಎಂದರೆ ನಾನು. ಕೋಣೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಐದು ಮನೆಯವರೂ ಬೇರೆಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ, ನನಗಂತೂ ಹೇಳದೆ ಹೋಗಿ ಬಂದಿದ್ದರು. ಪಕ್ಕದವರಿಗಾಗಿ ಬೇಡಿ ರೂಢಿಯಾದವರು ಕಟ್ಟುಗಾರನ ಹತ್ತಿರವೂ ಹಾಗೆಯೇ ಬೇಡಿದ್ದರು.

"ನಿಮಗೆಲ್ಲ ಎಲ್ಲಿ ನೆನಪಿರ್ತದೆ ಅಂತ ನಾನೇ ಹೋದದ್ದು," ಎಂದರು ಓಬೇದಣ್ಣ.

"ನಿಮಗೆ ನಿಮ್ಮ ಹುಟ್ಟಿದ ದಿನ ನೆನಪಿರುದಿಲ್ಲ, ನಮಗೆ ಹೇಳ್ತೀರಾ?" ಎಂದರು ಪೆರ್ಸಿಸಕ್ಕ. "ತೊಟ್ಟಿ ನೋಡ್ಲಿಕ್ಕೆ ಬಂದವಳು ಮೊದಲು ಕೂಟಕ್ಕೆ ಕೂತದ್ದು ನನ್ನ ಮನೆಯಲ್ಲಿ. ನನ್ನ ಪಕ್ಕವೇ."

"ಜಗಳ ಆಮೇಲೆ ಮಾಡಿ," ಎಂದ ಐತಪ್ಪ. "ಬದಿಗಿಂತ ಹೆಚ್ಚು ಬೇಡಿಕೆ ಬಂದ್ರೆ ಎಲ್ಲ ರದ್ದು, ಮನೆ ಒಂಟಿಗೂಟಕ್ಕೆ. ಅದು ಕಾನೂನು. ಇಲ್ಲಾಂದ್ರೆ ಮನೆಯವರು ಸ್ವಂತ ಬಾಯಲ್ಲಿ ಹೇಳ್ಬೇಕು. ಹೇಳಿ ಅಕ್ಕ, ನಿಮಗೆ ಎಂತ ಬೇಕು?"

ನನಗಾಗಿ ಯಾರಾದರೂ ಹೇಳಲಿ ಎಂದು ನಾನು ಬಲಕ್ಕೆ ನೋಡಿದೆ. ಬಲಕ್ಕೆ ಕೂತಿದ್ದವರು ಪೆರ್ಸಿಸಕ್ಕ. ಅವರು ತುಟಿ ಬಿಗಿಹಿಡಿದು, ನಾನು ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿದರು. ಅಷ್ಟು ಜನ ನನ್ನ ಮಾತಿಗಾಗಿ ಹಿಂದೆಂದೂ ಕಾದಿರಲಿಲ್ಲ. ಕೊನೆಗೆ ಹೇಳಿದೆ: "ನನಗೆ ಇವರ ಜೊತೆ ಇರಬೇಕು."

"ಯಾರ ಜೊತೆ?"

"ಇವರೆಲ್ಲರ ಜೊತೆ. ಯಾರನ್ನು ಬಿಡುವುದೆಂದು ನನಗೆ ಹೇಳಲು ಬರುವುದಿಲ್ಲ."

ಆಗ ಓಬೇದಣ್ಣ ಎದ್ದು ನಿಂತರು. "ನನ್ನದನ್ನು ಪೆರ್ಸಿಸಕ್ಕನ ಹಿಂದೆ ಕಟ್ಟು ಮಾರಾಯ. ಹಾಸಿಗೆ ಹೊರ್ಲಿಕ್ಕೆ ನಾಲ್ಕು ಜನ ಆದ್ರು. ಮಾಡಿನ ಹೆಂಚು ತೆಗೀಲಿಕ್ಕೆ ಒಬ್ಬ ಬೇಡ್ವಾ?"

ಐತಪ್ಪನಿಗೆ ಹೆಂಚಿನ ಮಾತು ಅರ್ಥವಾಗಲಿಲ್ಲ. ಆದರೂ ನಕ್ಕು, ಚಾ ಕುಡಿದೇ ಹೋದ.

ನಾಲ್ಕು ದಿನಗಳ ಹಿಂದೆ ಹಗ್ಗ ಬಿಗಿದರು. ಈಗ ನನ್ನ ಮನೆ ನಾಲ್ಕು ಮನೆಗಳ ನಡುವೆ ಇದೆ. ಮಕ್ಕಳು ನನ್ನ ಮಾಡಿನ ಮೇಲೆ ಓಡುತ್ತಾರೆ. ಎಡಗೋಡೆಯ ಆಚೆ ಪೆರ್ಸಿಸಕ್ಕನ ಕೆಮ್ಮು, ಬಲಗೋಡೆಯ ಆಚೆ ಗಂಡಹೆಂಡತಿಯ ನಿಲ್ಲದ ವಾದ, ಕೇಳಿದರೆ ಇಬ್ಬರು ಹೇಳುವುದೂ ಸರಿ. ಕಿಟಕಿಯಿಂದ ಕಿಟಕಿಗೆ ಸಾರಿನ ಪಾತ್ರೆ ಹೋಗುತ್ತದೆ. ವಾಪಸು ಬರುವಾಗ ಬೇರೆ ಯಾರದೋ ಪಾತ್ರೆ ಬರುತ್ತದೆ. ಓಬೇದಣ್ಣ ನನ್ನಲ್ಲಿಗೆ ಬರಲು ಪೆರ್ಸಿಸಕ್ಕನ ಒಲೆ ದಾಟಬೇಕು, ಅಲ್ಲಿ ಏನಾದರೂ ತಿನ್ನದೆ ದಾಟುವುದಿಲ್ಲ. ಓದಲು ಕೂತರೆ ಒಂದು ಪುಟ ನೆಟ್ಟಗೆ ಓದಲಾಗುವುದಿಲ್ಲ. ಗೊಣಗುವುದನ್ನು ನಾನೂ ಕಲಿಯುತ್ತಿದ್ದೇನೆ.

ಈಗ ನನ್ನ ಕೋರಿಕೆ. ನಮ್ಮ ಈ ಕೂಟ ಎಲ್ಲಿಂದ ಬಂತೆಂದು ಪೆರ್ಸಿಸಕ್ಕನನ್ನು ಕೇಳಿದೆ. ಅವರ ಅಜ್ಜಿಗೆ ಇನ್ನೊಬ್ಬ ಅಜ್ಜಿ ಕಲಿಸಿದ್ದು, ಆಕೆಗೆ ಮತ್ತೊಬ್ಬಾಕೆ, ಹೀಗೆ ಒಬ್ಬರ ಚಾಪೆಯಿಂದ ಒಬ್ಬರ ಚಾಪೆಗೆ ಬಂದದ್ದಂತೆ. ಮೊದಲ ಚಾಪೆ ನೆಲದ ಮೇಲಿತ್ತು, ಅಂದರೆ ನಿಮ್ಮ ಕಾಲದಲ್ಲಿ. ಅಲ್ಲಿ ಸೇರುತ್ತಿದ್ದವರು ಬಹಳ ಕಡಿಮೆ ಜನ, ಎಷ್ಟೋ ಸಲ ನಿಲ್ಲಿಸಿಬಿಡೋಣ ಎಂದುಕೊಂಡಿದ್ದರು ಎಂಬುದು ಬಿಟ್ಟು ಬೇರೇನೂ ಉಳಿದಿಲ್ಲ. ಊರು, ಮನೆ, ಹೆಸರು ಯಾವುದೂ ಗೊತ್ತಿಲ್ಲ. ಅದಕ್ಕಾಗಿಯೇ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಈ ವಾರ ಮೂವರೇ ಬಂದಿರಬಹುದು. ಅದರಲ್ಲಿ ಒಬ್ಬರಿಗೆ ನಿದ್ದೆ ಬಂದಿರಬಹುದು. ದಯವಿಟ್ಟು ಮುಂದಿನ ವಾರವೂ ಸೇರಿ. ನಿಮ್ಮಲ್ಲಿ ಆ ಮೊದಲ ಮನೆ ಯಾವುದೋ ನನಗೆ ತಿಳಿಯದು. ನಾನು ಕೂತಿರುವುದು ಅದರ ಚಾಪೆಯ ಮೇಲೆ.

ನಿಮ್ಮ ಸಹೋದರಿ,
ಯೂನಿಕೆ