ತುಪ್ಪಕ್ಕೆ ಅಂಕವಿಲ್ಲ

ಲೋಧಿ ಕಾಲೋನಿ, ನವದೆಹಲಿ
ಮಂಗಳವಾರ, 19 ನವೆಂಬರ್ 2024

ಪ್ರೀತಿಯ ಮಗ ಚಿದಂಬರಾ,

ಅಗರ್ತಲಾದ ತನಕ ಕೇಳುವಷ್ಟು ಗಟ್ಟಿಯಾಗಿ ಆಶೀರ್ವಾದ ಮಾಡಿದ್ದೇನೆ, ತಲುಪಿತೆಂದುಕೋ. ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೇ? ವಸಂತಿ ಕಳಿಸಿದ ಮೆಂತ್ಯದ ಹಿಟ್ಟು ಬಂದು ಸೇರಿತಂತೆ. ಸೇರಿದರೆ ಸಾಲದು, ತಿನ್ನಬೇಕು. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಊರಿನ ಹೊಗೆ ಮಾತ್ರ ಈ ಸಲ ವಿಪರೀತ, ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಬೇವಿನ ಮರವೇ ಕಾಣುವುದಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಗಗನಾಳ ಹೆಸರೆತ್ತಿದ ಕೂಡಲೇ ನಿನ್ನ ಊರಿನಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ವಿಚಿತ್ರವಪ್ಪ! ನನ್ನ ಬಿಪಿ, ನಿನ್ನ ಎದೆಯುರಿ, ವಸಂತಿಯ ಪ್ರಮೋಷನ್, ಎಲ್ಲದಕ್ಕೂ ಇರುವ ಸಿಗ್ನಲ್ಲು ಮಗಳ ಹೆಸರಿಗೆ ಮಾತ್ರ ಇಲ್ಲ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಬೇಕೆಂದರೆ ಹರಿಯಬೇಕು, ಅಮ್ಮನ ಕೈಬರಹ ಹರಿಯುವಷ್ಟು ಕಲ್ಲುಮನಸ್ಸು ನಿನಗಿಲ್ಲ.

ಅವಳು ಗುರುಗ್ರಾಮದಲ್ಲಿ ಬಿಯರ್ ತಯಾರಿಸುವ ಕಡೆ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ನೀನು ಅವಳ ಜೊತೆ ಮಾತು ಬಿಟ್ಟೂ ಎರಡು ವರ್ಷ. 'ಮೈಕ್ರೊಬಯಾಲಜಿ ಓದಿಸಿದ್ದು ಹೆಂಡ ಕಾಯಿಸೋಕಾ?' ಎಂದು ನೀನು ಕೂಗಿದ್ದು ಪಕ್ಕದ ಫ್ಲ್ಯಾಟಿನ ಪಂಜಾಬಿಗಳಿಗೂ ಅರ್ಥವಾಗಿತ್ತು. ಆಗ ನಾನೂ ನಿನ್ನ ಪಕ್ಷವೇ. ಮೂರು ದಿನ ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡಿರಲಿಲ್ಲ. ನಾಲ್ಕನೇ ದಿನ ಮೊಣಕಾಲಿಗೆ ಎಣ್ಣೆ ತಿಕ್ಕುವವರು ಯಾರೂ ಇಲ್ಲದೆ ರಾಜಿಯಾದೆ. ನಿಜ ಹೇಳಲು ನನಗೇನು ನಾಚಿಕೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಶನಿವಾರ ಗುರುಗ್ರಾಮದಲ್ಲಿ ಒಂದು ಸ್ಪರ್ಧೆ ನಡೆಯಿತು. ಎಲ್ಲೆಲ್ಲಿಯವರೋ ಮಾಡಿದ ಬಿಯರನ್ನು ಹೆಸರು ಮುಚ್ಚಿ, ಬರೀ ನಂಬರು ಹಾಕಿ ತೀರ್ಪುಗಾರರ ಮುಂದೆ ಇಡುತ್ತಾರೆ. ನಿನ್ನ ಮಗಳು ಅಲ್ಲಿ ತೀರ್ಪುಗಾರ್ತಿ ಕಣೋ! ಪರೀಕ್ಷೆ ಬರೆದು ಪಾಸಾಗಿ ಪಡೆದ ಕುರ್ಚಿ, ಯಾರ ಶಿಫಾರಸ್ಸೂ ಇಲ್ಲ. ಅವಳಿಗೆ ಕೊಟ್ಟದ್ದು ಬೆಲ್ಜಿಯಂ ಮಾದರಿಯ ಬ್ಲಾಂಡ್ ಏಲ್ ಎಂಬ ಬಗೆ. ಹೊಂಬಣ್ಣ ಇರಬೇಕು, ಮೇಲೆ ಬಿಳಿ ನೊರೆ ನಿಲ್ಲಬೇಕು, ಮೂಗಿಗೆ ಜೇನು, ಕಿತ್ತಳೆ ಸಿಪ್ಪೆ, ಚೂರೇ ಚೂರು ಕಾಳುಮೆಣಸು ಸಿಗಬೇಕು, ನುಂಗಿದ ಮೇಲೆ ಸಿಹಿ ಅಂಟಿಕೊಳ್ಳಬಾರದು. ನನಗೆ ಹೇಗೆ ಗೊತ್ತು ಎನ್ನುತ್ತೀಯಾ? ಒಂದು ತಿಂಗಳಿಂದ ಮನೆಯಲ್ಲಿ ಇದೇ ಪಾರಾಯಣ. ಭಾನುವಾರ ಬಂತೆಂದರೆ ಊಟದ ಮೇಜಿನ ಮೇಲೆ ಐದು ಗಾಜಿನ ಲೋಟ, ಒಂದೊಂದರಲ್ಲೂ ಬೇಕೆಂದೇ ಬೆರೆಸಿದ ಒಂದೊಂದು ದೋಷದ ವಾಸನೆ. ಅವಳು ಕಣ್ಣು ಮುಚ್ಚಿ ಗುರುತು ಹಿಡಿಯಬೇಕು. ಲೋಟ ಅದಲುಬದಲು ಮಾಡಿಡುವ ಉದ್ಯೋಗ ನನ್ನದು.

ಒಂದು ಭಾನುವಾರ 'ಅಜ್ಜಿ, ನೀವೂ ಮೂಸಿ ನೋಡಿ' ಎಂದಳು. ಮೂಗಿಗೆ ಯಾವ ಮೈಲಿಗೆ ಎಂದು ಮೂಸಿದೆ. ಕುಡಿಯಲಿಲ್ಲ, ದೇವರಾಣೆ. ನಿನ್ನ ಹೆಂಡತಿ ವಸಂತಿ ಮಾತ್ರ 'ಆಘ್ರಾಣಂ ಅರ್ಧಭೋಜನಂ ಅತ್ತೆ, ಅರ್ಧ ಗ್ಲಾಸು ಒಳಗೆ ಹೋದ ಹಾಗೇ' ಎಂದು ಒಂದು ವಾರ ನಕ್ಕಳು. ನಿನಗೇ ಗೊತ್ತಲ್ಲ, ನಮ್ಮಲ್ಲಿ ನೈವೇದ್ಯವಾಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಐವತ್ತೆರಡು ವರ್ಷದಿಂದ ಸಾರಿಗೆ ಹುಳಿ ಹೆಚ್ಚಾಯಿತೇ, ಉಪ್ಪು ಸಾಲದೇ ಎಂದು ನಾನು ಹೇಳುವುದು ಮೂಗಿನಿಂದಲೇ. ಗಗನಾ ಮೂರು ವರ್ಷದವಳಿದ್ದಾಗ ಸರೋಜಿನಿ ನಗರದ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು ನಿಂತು 'ಈಗ ಏನು ವಾಸನೆ ಬಂತಜ್ಜಿ?' ಎಂದು ಪ್ರತಿ ಒಗ್ಗರಣೆಗೂ ಕೇಳುತ್ತಿದ್ದಳು. ಅವಳಿಗೆ ಮೂಗು ಬಂದದ್ದೇ ಅಲ್ಲಿಂದ. ಆ ಜಂಬದಲ್ಲೇ ಐದೂ ಲೋಟ ಮೂಸಿ ನಾಲ್ಕನೆಯದನ್ನು ಎತ್ತಿ ಹಿಡಿದೆ. 'ಆಹಾ, ಈಗ ತಾನೇ ಬೆಣ್ಣೆ ಕಾಯಿಸಿದ ಘಮ! ಇದಕ್ಕೆ ನೂರಕ್ಕೆ ನೂರು' ಎಂದೆ. ಗಗನಾ ಸೋಫಾದ ಮೇಲೆ ಬಿದ್ದು ನಕ್ಕಳು. 'ಅಜ್ಜೀ, ಯಹೀ ತೋ ಗಡಬಡ್ ಹೈ! ಅದೇ ದೋಷ' ಎಂದಳು. ಹುದುಗುವಾಗ ಈಸ್ಟಿಗೆ ಕೊನೆಯಲ್ಲಿ ಇನ್ನೆರಡು ದಿನ ಬಿಡುವು ಕೊಟ್ಟರೆ ಆ ಬೆಣ್ಣೆಯ ವಾಸನೆಯನ್ನು ಅದೇ ನುಂಗಿಬಿಡುತ್ತದಂತೆ. ಅವಸರ ಮಾಡಿ ತಣ್ಣಗೆ ಮಾಡಿದರೆ ಹಾಗೇ ಉಳಿಯುತ್ತದಂತೆ. ನನಗೆ ಸಿಟ್ಟೇ ಬಂತು. ತುಪ್ಪದ ವಾಸನೆ ದೋಷವಂತೆ! ತುಪ್ಪವಿಲ್ಲದೆ ಎಲೆಯ ಮುಂದೆ ಕೂರದ ವಂಶ ನಮ್ಮದು. ಆ ರಾತ್ರಿ ಊಟಕ್ಕೆ ಅವಳ ಅನ್ನಕ್ಕೆ ಎರಡು ಚಮಚ ಹೆಚ್ಚಿಗೇ ಹಾಕಿದೆ.

ಸ್ಪರ್ಧೆಗೆ ಮೂರು ದಿನ ಇರುವಾಗಲೇ ಅವಳು ಈರುಳ್ಳಿ ಬೆಳ್ಳುಳ್ಳಿ ಬಿಟ್ಟಳು, ಸೆಂಟು ಬಿಟ್ಟಳು, ಕಾಫಿ ಬಿಟ್ಟಳು. ಹೊಗೆಗೆ ಹೆದರಿ ಮನೆಯೊಳಗೂ ಮಾಸ್ಕು, ಎರಡು ಹೊತ್ತು ಓಮದ ಹಬೆ. ಏಕಾದಶಿಗೂ ಇಷ್ಟು ಮಡಿ ಮಾಡಿದ ಹುಡುಗಿಯಲ್ಲ. ವಸಂತಿ ಆಫೀಸಿನ ಕೆಲಸಕ್ಕೆ ಲಖನೌಗೆ ಹೋಗಿದ್ದಳು, ಮನೆಯಲ್ಲಿ ನನ್ನೊಬ್ಬಳನ್ನೇ ಬಿಡಲು ಮನಸ್ಸಾಗದೆ ಗಗನಾ ಜೊತೆಗೇ ಕರೆದುಕೊಂಡು ಹೋದಳು. ಜೋರ್ ಬಾಗಿನಿಂದ ಮೆಟ್ರೋ, ಇಳಿದು ಆಟೋ. ಆಟೋ ಭಯ್ಯಾ 'ಮಾತಾಜಿ, ಮಂದಿರಕ್ಕಾ?' ಎಂದು ಕೇಳಿದ, ನಾನು ಹೂಂ ಎಂದುಬಿಟ್ಟೆ. ಅಲ್ಲಿ ಹಿಂದಿನ ಸಾಲಿನಲ್ಲಿ ನನಗೊಂದು ಕುರ್ಚಿ, ಒಂದು ಲೋಟ ನಿಂಬೂ ಪಾನಿ ಕೊಟ್ಟರು. ಕಾರ್ತಿಕ ಮಾಸವಲ್ಲವೇ, ಚೀಲದಿಂದ ಹತ್ತಿ ತೆಗೆದು ಹೂಬತ್ತಿ ಮಾಡುತ್ತ ಕುಳಿತೆ. ಬಿಯರಿನ ಸಭೆಯಲ್ಲಿ ಹೂಬತ್ತಿ ಮಾಡಿದವಳು ನಾನೊಬ್ಬಳೇ ಇರಬೇಕು.

ಅವಳ ಮೇಜಿನಲ್ಲಿ ಇನ್ನಿಬ್ಬರು. ಒಬ್ಬರು ಕರ್ನಲ್ ಬಕ್ಷಿ, ರಿಟೈರಾದವರು, ಮೀಸೆಯೇ ಅರ್ಧ ಮುಖ, ಅವರೇ ಹಿರಿಯರು. ಇನ್ನೊಬ್ಬ ಸುಹಾಸ್, ನಮ್ಮ ಧಾರವಾಡದ ಕಡೆಯ ಹುಡುಗ, ಘಾಜಿಯಾಬಾದಿನಲ್ಲಿ ಮನೆ ಮಾಡಿದ್ದಾನಂತೆ. ಹದಿಮೂರು ಲೋಟ ಮುಗಿದು ಹದಿನಾಲ್ಕನೇ ನಂಬರಿನದು ಬಂತು. ಕರ್ನಲ್ ಒಂದು ಗುಟುಕು ಕುಡಿದು 'ವಾಹ್! ದೇಸಿ ಘೀ!' ಎಂದು ಮೇಜು ಕುಟ್ಟಿದರು. ಸುಹಾಸನೂ ತಲೆಯಾಡಿಸಿದ. ಇಬ್ಬರೂ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಬರೆದರು. ಗಗನಾ ಕೂಡಲೇ ಕುಡಿಯಲಿಲ್ಲ. ಲೋಟವನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿ, ಮೂಸಿ, ಕೆಳಗಿಟ್ಟು, ಮತ್ತೆ ಮೂಸಿದಳು. ಆಮೇಲೆ ಒಂದು ಗುಟುಕು ಕುಡಿದು ಮೆತ್ತಗೆ ಹೇಳಿದಳು, 'ಸರ್, ಇದು ಬೆಣ್ಣೆ. ಬ್ಲಾಂಡ್ ಏಲಿನಲ್ಲಿ ಇರಬಾರದು.' ಕರ್ನಲ್ ನಕ್ಕು, 'ಬೇಟಾ, ನೀನು ಹುಟ್ಟೋಕೆ ಮುಂಚೆಯಿಂದ ನಾನು ಕುಡೀತಿದ್ದೀನಿ' ಎಂದರು. ನನ್ನ ಕೈಯ ಬತ್ತಿ ಅಲ್ಲೇ ನಿಂತಿತು. ಅವಳು ಬಿಡಲಿಲ್ಲ ಚಿದೂ! ಹಿಂದಿಯಲ್ಲಿ ಹೇಳಿದಳು, 'ಸರ್, ನಮ್ಮ ಅಜ್ಜಿನೂ ಇದೇ ವಾಸನೆಗೆ ನೂರಕ್ಕೆ ನೂರು ಕೊಟ್ಟಿದ್ರು. ನಮ್ಮ ಮನೆಗಳಲ್ಲಿ ತುಪ್ಪ ಅಂದ್ರೆ ಹಬ್ಬ, ಮೂಗು ಮೋಸ ಹೋಗತ್ತೆ. ಆದ್ರೆ ಇಲ್ಲಿ ತುಪ್ಪಕ್ಕೆ ಅಂಕವಿಲ್ಲ.' ಕರ್ನಲ್ ತಿರುಗಿ ನನ್ನನ್ನು ನೋಡಿದರು. ಇಡೀ ಹಾಲ್ ನನ್ನನ್ನೇ ನೋಡಿತು. ಮಡಿಲ ತುಂಬ ಹತ್ತಿ ಇಟ್ಟುಕೊಂಡು ನಾನು 'ಹಾಂ ಜೀ, ಗಲತಿ ಮೇರೀ ಥೀ' ಎಂದು ತಪ್ಪೊಪ್ಪಿಕೊಂಡೆ. ಕರ್ನಲ್ ದೊಡ್ಡ ಮನುಷ್ಯರಪ್ಪ. ನೀರು ಕುಡಿದು, ಬೆಚ್ಚಗಾದ ಆ ಲೋಟವನ್ನೇ ಮತ್ತೆ ಮೂಸಿದರು. ತಮ್ಮ ಅಂಕ ಹೊಡೆದುಹಾಕಿ ಬೇರೆ ಬರೆದರು. ಸುಹಾಸನೂ ಬದಲಿಸಿದ. ಹದಿನಾಲ್ಕಕ್ಕೆ ಯಾವ ಪದಕವೂ ಬರಲಿಲ್ಲ.

ಸಂಜೆ ಮುಚ್ಚಿಟ್ಟ ಹೆಸರುಗಳನ್ನು ಓದಿದರು. ಹದಿನಾಲ್ಕನೆಯದು ಯಾರದು ಗೊತ್ತೇ? ಗಗನಾಳ ಮಾಲೀಕನದೇ! ತಮ್ಮ ಕಡೆಯ ಬಿಯರಿಗೆ ತಾವೇ ತೀರ್ಪು ಕೊಡಬಾರದೆಂಬುದು ಅಲ್ಲಿನ ನಿಯಮ. ಈ ಮಹಾಶಯ ಅವಳಿಗೂ ತಿಳಿಸದೆ, ನೋಯ್ಡಾದಲ್ಲಿ ತೆರೆಯಲಿರುವ ಹೊಸ ಅಂಗಡಿಯ ಹೆಸರಿನಲ್ಲಿ ಕಳಿಸಿದ್ದ. ಪದಕವನ್ನು ಬೋರ್ಡಿನ ಮೇಲೆ ಹಾಕಿಸುವ ಆಸೆ. ಆ ಅವಸರಕ್ಕೇ ಎರಡು ದಿನ ಮುಂಚೆ ತಣ್ಣಗೆ ಮಾಡಿಸಿದ್ದನಂತೆ. ಗಗನಾ ತಾನೇ ಎದ್ದು ಹೋಗಿ ಕರ್ನಲ್‌ಗೆ ಹೇಳಿದಳು, 'ಸರ್, ಇದು ನಮ್ಮವರದು, ನನಗೆ ಗೊತ್ತಿರಲಿಲ್ಲ.' 'ಗೊತ್ತಿದ್ದರೂ ನೀನು ಇದನ್ನೇ ಹೇಳ್ತಿದ್ದೆ' ಎಂದರಂತೆ ಅವರು. ಮೆಟ್ರೋದಲ್ಲಿ ಬರುವಾಗ ಮಾಲೀಕನ ಫೋನು. ಅವನ ಗಂಟಲು ನನಗೇ ಕೇಳಿಸುತ್ತಿತ್ತು. 'ಸ್ಪರ್ಧೆಯವರಿಗೆ ಒಂದು ಮೇಲ್ ಬರೆದುಬಿಡು. ಹೊಗೆಯಿಂದ ಮೂಗು ಕಟ್ಟಿತ್ತು, ತಪ್ಪಾಯಿತು ಅಂತ. ಅಷ್ಟೇ, ಬಾತ್ ಖತಮ್.' ಇವಳು ಮಾಸ್ಕು ಕೆಳಗೆ ಸರಿಸಿ ಹೇಳಿದಳು, 'ನನ್ನ ಮೂಗು ಕಟ್ಟಿರಲಿಲ್ಲ ಸರ್.'

ಇಂಥದೇ ಮಾತನ್ನು ನಾನು ಹೋದ ವರ್ಷವೇ ಒಮ್ಮೆ ಕೇಳಿದ್ದೆ, ನಿನ್ನ ಬಾಯಿಂದ. ನಿನ್ನ ಉಸ್ತುವಾರಿಯ ಕಟ್ಟಡದ ಕಾಂಕ್ರೀಟು ಪರೀಕ್ಷೆಯಲ್ಲಿ ಫೇಲಾದಾಗ ಆ ಗುತ್ತಿಗೆದಾರ ನಮ್ಮ ಮನೆಗೇ ಬಂದು ಕೂತು 'ಸ್ಯಾಂಪಲ್ ಮಳೆಯಲ್ಲಿ ನೆನೆದಿತ್ತು ಅಂತ ಬರೆದುಬಿಡಿ ಸಾಹೇಬ್' ಎಂದಾಗ ನೀನು ಟೀ ಲೋಟ ಕೆಳಗಿಟ್ಟು 'ಮಳೆಯೇ ಬಂದಿರಲಿಲ್ಲ' ಎಂದೆ. ಅಷ್ಟಕ್ಕೇ ಅಗರ್ತಲಾಕ್ಕೆ ವರ್ಗ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಮಾಡಿದವರು ನಿಮ್ಮಿಬ್ಬರನ್ನು ನೋಡಿರಲಿಲ್ಲ. ಅದೇ ಮೊಂಡು, ಅದೇ ಮೆತ್ತಗಿನ ಧ್ವನಿ. ನಿಮ್ಮಪ್ಪ ಅಶ್ವತ್ಥನಾರಾಯಣ ರಾಯರು ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ, ಕೊನೆಯ ದಿನ ಸರ್ಕಾರದ ಪೆನ್ಸಿಲನ್ನೂ ಮೇಜಿನ ಮೇಲಿಟ್ಟು ಬಂದವರು. ಅವರು ಇದ್ದಿದ್ದರೆ ಇವತ್ತು ಕಾಲೋನಿಯ ಎಲ್ಲ ಮನೆಗೂ ಜಿಲೇಬಿ ಹಂಚುತ್ತಿದ್ದರು. ಲೋಟದಲ್ಲಿ ಏನಿತ್ತು ಎಂದು ಕೇಳುತ್ತಿರಲಿಲ್ಲ. ನನಗಂತೂ ಹೆಮ್ಮೆ ಕಣೋ, ಹೇಳಿಕೊಳ್ಳಲು ಸಂಕೋಚವೇ ಇಲ್ಲ. ನಿನ್ನೆ ತರಕಾರಿ ಭಯ್ಯಾನಿಗೂ ಹೇಳಿದೆ. ಅವನು ಪೂರ್ತಿ ಕೇಳಿ ಕೊತ್ತಂಬರಿ ಸೊಪ್ಪು ಸುಮ್ಮನೆ ಕೊಟ್ಟ.

ಊಟ ತಪ್ಪಿಸಬೇಡ, ಎದೆಯುರಿಗೆ ಮಜ್ಜಿಗೆ ಕುಡಿ, ಸ್ವೆಟರ್ ಹಾಕಿಕೋ. ಇಲ್ಲಿ ದೇವರ ಮುಂದೆ ದಿನಾ ನಿನ್ನ ಹೆಸರಿನದೊಂದು ಬತ್ತಿ ಉರಿಯುತ್ತಿದೆ. ಮೊನ್ನೆ ಆ ಹಾಲಿನಲ್ಲಿ ಮಾಡಿದ ಬತ್ತಿಗಳೇ, ದೇವರು ಏನೂ ಅನ್ನಲಿಲ್ಲ.

ನಿನ್ನ ಅಮ್ಮ,
ಸುಶೀಲಮ್ಮ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ನಿನಗೆ ಹೇಳಬೇಡಿ ಎಂದಿದ್ದಾಳೆ, ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ನಿನ್ನೆ ಗಗನಾಳನ್ನು ಕೆಲಸದಿಂದ ತೆಗೆದರು. ನಿನಗೆ ಅಗರ್ತಲಾದ ಆರ್ಡರು ಬಂದಾಗ ನಾವೆಲ್ಲರೂ ನಿನ್ನನ್ನು ಬೈದೆವು, ನಾನೂ ಬೈದೆ. ನೀನು ಮಾತು ಬಿಟ್ಟಿದ್ದರೂ ನಿನ್ನ ಸೂಟ್‌ಕೇಸು ಎತ್ತಿಕೊಂಡು ಸ್ಟೇಷನ್ನಿಗೆ ಬಂದವಳು ಅವಳು. ರೈಲು ಹೊರಟಾಗ 'ಶಾಬಾಶ್ ಅಪ್ಪಾ' ಎಂದಳು. ನಿನಗೆ ಕೇಳಿಸಿತ್ತು, ನೀನು ತಿರುಗಲಿಲ್ಲ, ನಾನು ನೋಡಿದೆ. ಈಗ ಆರ್ಡರು ಅವಳಿಗೆ ಬಂದಿದೆ. ನಾನು ಶಾಬಾಶ್ ಎಂದೆ, ವಸಂತಿಯೂ ಎಂದಳು. ನಮ್ಮದು ಅವಳಿಗೆ ಸಾಲುತ್ತಿಲ್ಲ. ಅವಳು ದಿನವಿಡೀ ಮನೆಯಲ್ಲೇ ಇದ್ದಾಳೆ, ಇಲ್ಲಿ ಸಿಗ್ನಲ್ ಚೆನ್ನಾಗಿದೆ.