ಎಣಿಸಿದ ರೊಪ್ಪಕ್ಕೆ ಒಂದು ಮರಿ

ಸತ್ತ ಕುರಿಗಳಿಗೆ ಪರಿಹಾರ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ನಾನು ಇಪ್ಪತ್ತೊಂದು ಸತ್ತ ಕುರಿಗಳ ಒಡತಿ. ಅವು ಸತ್ತದ್ದು ನನಗೆ ಗೊತ್ತಿರಲಿಲ್ಲ, ಕುರಿಗಳಿಗೂ ಗೊತ್ತಿಲ್ಲ. ಗೊತ್ತಿರುವುದು ನಿಮ್ಮ ಕಚೇರಿಗೆ ಮಾತ್ರ. ಕಳೆದ ವರ್ಷ ನೀವು ನನ್ನ ಹೆಸರಿನಲ್ಲಿ ಅವುಗಳಿಗೆ ಎಳ್ಳುನೀರು ಬಿಟ್ಟು, ಲಕ್ಷ ಮೀರಿದ ಪರಿಹಾರವನ್ನು ಯಾರದೋ ಖಾತೆಗೆ ಹಾಕಿದಿರಿ. ಆಮೇಲೆ ಅದೇ ಸಹಿ, ಅದೇ ಮೊಹರಿನಲ್ಲಿ, ಆ ಕುರಿಗಳನ್ನು ಕಾಯುವ ನನ್ನ ದೊಡ್ಡಪ್ಪನಿಗೆ ನೋಟಿಸು ಕಳಿಸಿದಿರಿ: ಕುರಿಗಳು ಬದುಕಿರುವಂತೆ ಕಂಡುಬಂದಿದೆ, ಸುಳ್ಳು ಹೇಳಿ ಪಡೆದ ಹಣವನ್ನು ಬಡ್ಡಿ ಸಮೇತ ಕಟ್ಟತಕ್ಕದ್ದು. ಕೊಲ್ಲುವವರೂ ನೀವೇ, ಬದುಕಿಸುವವರೂ ನೀವೇ. ನಮ್ಮ ಕಡೆಯ ಯಾವ ದೇವರಿಗೂ ಇಷ್ಟು ಅಧಿಕಾರವಿಲ್ಲ.

ನಿಮ್ಮ ಕಚೇರಿ ಯಾವ ತಾಲ್ಲೂಕಿನದು ಎಂದು ನಾನು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ದೊಡ್ಡಪ್ಪನ ಹಿಂಡು ಗುಡೇಕೋಟೆಯ ಗುಡ್ಡದಿಂದ ತೆಲಿಗಿಯ ಹೊಲಗಳವರೆಗೆ ಮೇಯುತ್ತಾ ಹೋಗುತ್ತದೆ, ಅದಕ್ಕೆ ತಾಲ್ಲೂಕಿನ ಗಡಿ ತಿಳಿಯದು. ಕುಂಬಳಕಾಯಿ ಕಳ್ಳ ಎಂದಾಗ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ ಅವರಿಗೇ ಈ ಪತ್ರ ಸಲ್ಲುತ್ತದೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಬಂದು ನಾಲ್ಕು ವರ್ಷವಾಯಿತು. ಇಲ್ಲಿಗೆ ಬಂದ ಹೊಸತರಲ್ಲಿ ಮೊದಲ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡಿ, ನಾನೇ ಊರ ಸಾಹುಕಾರ್ತಿ ಎಂದು ಹಿಗ್ಗಿದ್ದೆ. ನಮ್ಮ ವಾರ್ಡಿನ ನರ್ಸ್ ಸಮತಾ ಅಕ್ಕ ಆ ಹಿಗ್ಗಿಗೆ ಸೂಜಿ ಚುಚ್ಚಿದಳು. ಅವಳು ತಂಬ್ರಹಳ್ಳಿಯವಳು; ಪರದೇಶದಲ್ಲಿ ಸಿಕ್ಕ ಪಕ್ಕದೂರಿನವಳು ಒಡಹುಟ್ಟಿದವಳಿಗಿಂತ ಹೆಚ್ಚು ಬೈಯುತ್ತಾಳೆ. "ಸಂಬಳ ನೋಡಿ ಕುಣಿಬ್ಯಾಡ. ಏನೇನ್ ಐತಿ, ಏನೇನ್ ಕೊಡೋದೈತಿ, ತಿಂಗಳಿಗೊಮ್ಮಿ ಬರಿ. ಕಳದು ಉಳಿದಿದ್ದಷ್ಟ ನಿಂದು," ಎಂದಳು. ನನ್ನ ಫೋನಿನಲ್ಲಿ ಅದಕ್ಕೊಂದು ಆ್ಯಪ್ ಹಾಕಿಕೊಟ್ಟದ್ದೂ ಅವಳೇ. ಎರಡು ದೇಶದ ಬ್ಯಾಂಕಿನ ದುಡ್ಡು, ಕಿವಿಯ ಬಂಗಾರ, ಓದಿನ ಸಾಲದ ಬಾಕಿ, ಎಲ್ಲ ತುಂಬಿದೆ. ರಿಯಾಲ್ ಏರಿದ ದಿನ ನಾನು ಕೂತಲ್ಲೇ ಶ್ರೀಮಂತೆ, ಇಳಿದ ದಿನ ಬಡವಿ. ನನ್ನ ಕೆಲಸ ಮಾತ್ರ ಎರಡೂ ದಿನ ಅದೇ. ಆ್ಯಪನ್ನು ನಾನು ಪೂರ್ತಿ ನಂಬಿದವಳಲ್ಲ, ಆದರೂ ತುಂಬಿದೆ. ಕೊನೆಗೆ ಒಂದು ಸಾಲು ಖಾಲಿ ಉಳಿಯಿತು. ಕುರಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹೆಣ್ಣುಮಗುವಿಗೆ ಕಿವಿ ಚುಚ್ಚಿಸಿದ ದಿನ ಒಂದು ಹೆಣ್ಣುಮರಿಯ ಎಡಗಿವಿಯನ್ನೂ ಸೀಳಿ ಆ ಮಗುವಿನ ಹೆಸರಿಗೆ ಬಿಡುತ್ತಾರೆ. ಅದು ಈದ ಹೆಣ್ಣುಮರಿಗಳಿಗೆಲ್ಲ ಅದೇ ಗುರುತು, ಅವೆಲ್ಲ ಆ ಹುಡುಗಿಯವೇ. ಗಂಡುಮರಿಗಳನ್ನು ಮಾರಿ ಅವಳ ಖರ್ಚು ತೂಗಿಸುತ್ತಾರೆ. ನನ್ನ ಡಿಪ್ಲೊಮಾದ ಫೀಸು ಎಷ್ಟೋ ಟಗರುಮರಿಗಳ ಕೊರಳ ಹಗ್ಗದಲ್ಲಿ ಸಂತೆಗೆ ನಡೆದುಹೋಗಿದೆ. ಆ ಕುರಿಗಳನ್ನೆಲ್ಲ ಕಾಯುವವನು ದೊಡ್ಡಪ್ಪ ಯರ್ರೆಪ್ಪ. ನನ್ನ ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಕಾಯ್ದವನು ಅವನೇ.

ಖಾಲಿ ಸಾಲು ತುಂಬಬೇಕಲ್ಲ? ಫೋನ್ ಮಾಡಿದೆ.

"ದೊಡ್ಡಪ್ಪಾ, ನನ್ ಕುರಿ ಎಷ್ಟ್ ಅದಾವು?"

"ಅದಾವು ಬಿಡವ್ವಾ. ಚೆಂದಾಗಿ ಮೇಯ್ಕಂತ ಅದಾವು."

"ಅದಲ್ಲ, ಎಷ್ಟು?"

"ಕುರಿ ಎಣಿಸಬಾರ್ದವ್ವಾ. ಎಣಿಸಿದ್ದು ನಿಲ್ಲಂಗಿಲ್ಲ."

"ಮತ್ತ ಒಂದು ಕಳದ್ರೆ ಹೆಂಗ ಗೊತ್ತಾಕ್ಕೈತಿ?"

"ನಿಮ್ಮವ್ವ ಮಕ್ಕಳನ್ನ ಎಣಿಸಿ ಉಂಬಾಕ ಇಡ್ತಾಳೇನು? ಒಂದು ಇಲ್ಲಂದ್ರೆ ಅದರ ಮಖ ಕಾಣಂಗಿಲ್ಲ. ಗೊತ್ತಾಕ್ಕೈತಿ."

ಮಾನ್ಯರೇ, ಲೆಕ್ಕ ಕೊಡದವರನ್ನು ಸಂಶಯದಿಂದ ನೋಡು ಎಂದು ನನಗೆ ಕಲಿಸಿದ್ದೇ ನಿಮ್ಮಂಥ ಕಚೇರಿಗಳು. ಆ ಪಾಠವನ್ನು ನಾನು ಮನೆಯವರ ಮೇಲೆಯೇ ಪ್ರಯೋಗಿಸಿದೆ. ಎಣಿಸುವುದಿಲ್ಲ ಎನ್ನುವ ಮನುಷ್ಯ ಏನನ್ನೋ ಮುಚ್ಚಿಡುತ್ತಿರಬೇಕಲ್ಲವೇ? ನಾನು ಕಳಿಸಿದ ಮೇವಿನ ದುಡ್ಡು ಮೇವಿಗೇ ಹೋಗುತ್ತಿದೆಯೇ? ಆ್ಯಪಿನಲ್ಲಿ 'ಅದಾವು' ಎಂದು ಬರೆಯಲು ನೋಡಿದೆ. ಅಂಕಿ ಬಿಟ್ಟು ಬೇರೇನನ್ನೂ ಅದು ಒಪ್ಪುವುದಿಲ್ಲ. ಕಡೆಗೆ ಸೊನ್ನೆ ಹಾಕಿದೆ. ಮೂರು ವರ್ಷ ನನ್ನ ಆಸ್ತಿಯಲ್ಲಿ ಕುರಿ ಸೊನ್ನೆ.

ಅಂಥ ಹೊತ್ತಿನಲ್ಲಿ ನನ್ನ ಊರಿನ ನಂಬರಿಗೆ ನಿಮ್ಮ ಸಂದೇಶ ಬಂತು: ತಮ್ಮ ಇಪ್ಪತ್ತೊಂದು ಕುರಿಗಳ ಮರಣ ಪರಿಹಾರ ಜಮೆಯಾಗಿದೆ. ಖಾತೆಯ ಕೊನೆಯ ಅಂಕಿಗಳು ನನ್ನವಲ್ಲ. ನನ್ನ ಅನುಮಾನ ಮೊದಲು ಎಲ್ಲಿಗೆ ಹೋಯಿತು ಹೇಳಲೇ? ನಿಮ್ಮ ಕಡೆಗಲ್ಲ. ನೆಟ್ಟಗೆ ದೊಡ್ಡಪ್ಪನ ಕಡೆಗೆ. ಫೋನ್ ಹಚ್ಚಿ, ನಮಸ್ಕಾರವನ್ನೂ ಹೇಳದೆ, "ಸತ್ತ ಕುರಿ ರೊಕ್ಕ ಯಾರ್ ತಗಂಡ್ರಿ?" ಎಂದೆ. ಅವನು ರೊಕ್ಕದ ಮಾತೇ ಎತ್ತಲಿಲ್ಲ. "ಸತ್ತಾವು ಅಂತ ಯಾರಂದ್ರವ್ವಾ? ಈಗರ ನೀರ್ ಕುಡಿಸ್ಕಂಡು ಬಂದೀನಿ," ಎಂದು ಗಾಬರಿಯಾಗಿ ಫೋನ್ ಹಾಗೇ ಬಿಟ್ಟು ಓಡಿದ. ಅವನು ಒಂದೊಂದನ್ನೂ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು. ನಾನು ಇಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾಚಿಕೆಯಿಂದ ಅತ್ತೆ.

ಅಲ್ಲಿಂದ ನನ್ನ ಅನುಮಾನ ದಾರಿ ಬದಲಿಸಿತು. ದೊಡ್ಡಪ್ಪನ ಮಗ ಬೀರಲಿಂಗೇಶ ಮಾಹಿತಿ ಹಕ್ಕಿನಲ್ಲಿ ನಿಮ್ಮ ಕಡತದ ಪ್ರತಿ ತೆಗೆಸಿದ. ಅದರಲ್ಲಿ ನನ್ನ ಅರ್ಜಿಯಿದೆ, ನನ್ನ ಸಹಿಯೂ ಇದೆ, ತಕ್ಕಮಟ್ಟಿಗೆ ನನ್ನ ಸಹಿಗಿಂತ ಅಂದವಾಗಿದೆ. ಸಹಿ ಹಾಕಿದ ದಿನ ನಾನು ಮಸ್ಕತ್ತಿನಲ್ಲಿದ್ದೆ. ನನ್ನ ಪಾಸ್‌ಪೋರ್ಟು ನಿಮ್ಮ ಕಡತದಷ್ಟು ಕಲ್ಪನಾಶೀಲವಲ್ಲ. ಸತ್ತ ಕುರಿಗಳ ಫೋಟೊಗಳೂ ಇವೆ. ಒಂದೇ ಕುರಿಯನ್ನು ನಾನಾ ಕಡೆಯಿಂದ ತೆಗೆದಿದ್ದೀರೋ, ನಾನಾ ಕುರಿಗಳನ್ನು ಒಂದೇ ಕಡೆಯಿಂದ ತೆಗೆದಿದ್ದೀರೋ ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಆ ಫೋಟೊಗಳಲ್ಲಿ ಎಲ್ಲ ಕಿವಿಗಳೂ ಇಡಿಯಾಗಿವೆ. ನನ್ನ ಕುರಿಯ ಎಡಗಿವಿ ಇಡಿಯಾಗಿರಲು ಸಾಧ್ಯವೇ ಇಲ್ಲ.

ಅಷ್ಟಕ್ಕೂ ನನ್ನ ಹೆಸರನ್ನೇ ಏಕೆ ಆರಿಸಿದಿರಿ? ಲಸಿಕೆ ಹಾಕುವಾಗ ಬರೆದುಕೊಂಡ ಒಡೆಯರ ಪಟ್ಟಿಯಲ್ಲಿ ಊರಲ್ಲಿಲ್ಲದವರು ಯಾರು ಎಂದು ಯಾರೋ ಬೆರಳಾಡಿಸಿ ನೋಡಿರಬೇಕು. ಸಮುದ್ರದಾಚೆ ಇರುವವಳು ಬಂದು ಕೇಳುತ್ತಾಳೆಯೇ? ಕುರಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ನೀವು ಕುರಿಯ ಒಡತಿಯನ್ನೂ ಕೇಳುವುದಿಲ್ಲ. ಇದು ನನ್ನ ಅನುಮಾನ ಮಾತ್ರ ಎನ್ನಬಹುದು. ಸರಿ, ಸುಳ್ಳೆಂದು ತೋರಿಸಿ. ಆ ಖಾತೆ ಯಾರದು ಎಂಬ ಒಂದೇ ಪ್ರಶ್ನೆಗೆ ನಿಮ್ಮ ಕಚೇರಿ ಇಂದಿಗೂ 'ಪರಿಶೀಲನೆಯಲ್ಲಿದೆ' ಎನ್ನುತ್ತಿದೆ.

ನಾವು ಕೇಳಲು ಶುರು ಮಾಡಿದ್ದಕ್ಕೆ ಉತ್ತರವಾಗಿ ಬಂದದ್ದು ಆ ನೋಟಿಸು. ನೋಟಿಸಿನ ಹಿಂದೆ ನಿಮ್ಮ ಸಿಬ್ಬಂದಿ ಬಂದರು. ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರಂತೆ: "ಅಜ್ಜಾ, ಎಣಿಸಿ ತೋರಿಸು. ಆಕಿ ಕುರಿ ಇಪ್ಪತ್ತೊಂದಕ್ಕಿಂತ ಕಡಿಮಿ ಇದ್ರೆ ಸತ್ತಿದ್ದು ಖರೇ. ಹೆಚ್ಚಿದ್ರೆ ನೀನು ರೊಕ್ಕ ಕಟ್ಟಬೇಕು." ಎಂಥ ನ್ಯಾಯ ನೋಡಿ! ಕಡಿಮೆಯಿದ್ದರೆ ಕಚೇರಿ ಪ್ರಾಮಾಣಿಕ, ಹೆಚ್ಚಿದ್ದರೆ ದೊಡ್ಡಪ್ಪ ಕಳ್ಳ. ಕುರಿ ಎಷ್ಟಿದ್ದರೆ ಕಚೇರಿ ಕಳ್ಳನಾಗುತ್ತದೆ ಎಂದು ಯಾರೂ ಹೇಳಲಿಲ್ಲ.

ಎಣಿಸದಿದ್ದರೆ ಹಿಂಡನ್ನೇ ಜಪ್ತಿ ಮಾಡುತ್ತೇವೆ ಎಂದರು. ನನ್ನ ಹೆಸರು ಕೆಡಬಾರದು ಎಂದು ದೊಡ್ಡಪ್ಪ ಎಣಿಸಿದ. ಬೀರಲಿಂಗೇಶ ಫೋನ್ ಹಿಡಿದಿದ್ದ, ನಾನು ಇಲ್ಲಿಂದ ನೋಡಿದೆ. ಬೇಲಿಯ ಸಂದಿಯಿಂದ ಒಂದೊಂದೇ ಕುರಿಯನ್ನು ಹೊರಗೆ ಬಿಡುತ್ತಾ, ಸೀಳುಗಿವಿ ಕಂಡಾಗಲೆಲ್ಲ ಹಾಸಿದ ರುಮಾಲಿಗೆ ಒಂದು ಕಲ್ಲು ಹಾಕಿದ. ಅವುಗಳ ಹೆಸರು ಕರೆಯಲಿಲ್ಲ. ಮುಖವನ್ನೂ ನೋಡಲಿಲ್ಲ, ಕಿವಿ ಮಾತ್ರ ನೋಡಿದ. ಮುಗಿದ ಮೇಲೆ ರುಮಾಲನ್ನು ಗಂಟು ಕಟ್ಟಿ ನಿಮ್ಮವರ ಮುಂದಿಟ್ಟು, "ನೀವ ಎಣಿಸ್ಕಳ್ರಿ," ಎಂದು ಮನೆಗೆ ಹೋದ.

ಆ ಸಂಖ್ಯೆ ಈಗ ನಿಮ್ಮ ಕಡತದಲ್ಲಿದೆ. ನನ್ನ ಆ್ಯಪಿಗೂ ಬಂತು. ಸೊನ್ನೆ ಅಳಿಸಿ ಅಂಕಿ ಹಾಕಿದ ಕೂಡಲೇ ನನ್ನ ಆಸ್ತಿ ನಾಲ್ಕು ವರ್ಷದಲ್ಲೇ ಅತಿ ಎತ್ತರಕ್ಕೆ ಏರಿತು. ಆ ತಿಂಗಳಿಂದ ದೊಡ್ಡಪ್ಪ ರೊಪ್ಪಕ್ಕೆ ಹೋಗಿಲ್ಲ. ಕೋಲು, ಕಂಬಳಿ ಎರಡನ್ನೂ ಬೀರಲಿಂಗೇಶನ ಕೈಗೆ ಕೊಟ್ಟಿದ್ದಾನೆ. ಕುರಿಗಳು ಸಂಜೆ ಮನೆಯ ಮುಂದೆ ಹಾಯುವಾಗ ಎದ್ದು ಒಳಗೆ ಹೋಗುತ್ತಾನೆ. "ಮಖ ಇಲ್ಲವ್ವಾ ನಂಗ. ಅವುನ್ನ ಕಲ್ಲಿನಂಗ ಎಣಿಸಿಬಿಟ್ಟೆ," ಎನ್ನುತ್ತಾನೆ.

ಮಾನ್ಯರೇ, ಖಾತೆ ಯಾರದು ಎಂದು ಬಹಿರಂಗವಾಗಿ ಹೇಳಿ, ನೋಟಿಸು ಹಿಂತೆಗೆದುಕೊಳ್ಳಿ ಎಂದು ಕೇಳುವುದು ನನ್ನ ಹಕ್ಕು. ಅದನ್ನು ಕೇಳುತ್ತಿದ್ದೇನೆ. ಆದರೆ ನನಗೆ ಅಷ್ಟು ಸಾಲದು. ತಪ್ಪಿ ಎಣಿಸಿದ ರೊಪ್ಪಕ್ಕೆ ನಮ್ಮವರಲ್ಲಿ ಒಂದೇ ಪರಿಹಾರ: ಎಣಿಸು ಎಂದವನು ತಾನೇ ಬಂದು, ಯಾರಿಗೂ ಹೇಳದೆ ಒಂದು ಹೆಣ್ಣುಮರಿಯನ್ನು ಒಳಗೆ ಬಿಟ್ಟು ಹೋಗಬೇಕು. ಆಗ ಎಣಿಕೆ ತಪ್ಪುತ್ತದೆ, ಕುರಿಗಳು ಮತ್ತೆ ಎಣಿಸದ ಕುರಿಗಳಾಗುತ್ತವೆ. ಮೊದಲು 'ಎಷ್ಟು' ಎಂದು ಕೇಳಿದವಳು ನಾನು, ನನ್ನ ಪಾಲಿನ ಮರಿಯನ್ನು ಬಿಡಲು ಮುಂದಿನ ತಿಂಗಳು ರಜೆ ಹಾಕಿ ಬರುತ್ತಿದ್ದೇನೆ. ನಿಮ್ಮ ಪಾಲಿನದನ್ನು ನೀವು ತನ್ನಿ. ಸಂಬಳದ ದುಡ್ಡಿನಲ್ಲಿ ಕೊಂಡದ್ದಾಗಿರಲಿ. ಕಚೇರಿಯ ಖರ್ಚಿಗೆ ಬರೆಯಬೇಡಿ, ರಸೀದಿ ಕೇಳಬೇಡಿ, ಫೋಟೊ ತೆಗೆಸಬೇಡಿ. ಸಂಜೆ ಬನ್ನಿ. ದೊಡ್ಡಪ್ಪ ಒಳಗೇ ಇರುತ್ತಾನೆ, ಆದರೆ ಹೊಸ ಮರಿ ಕೂಗಿದರೆ ಅವನಿಗೆ ಗೊತ್ತಾಗುತ್ತದೆ. ಯಾರ ಮರಿ ಅದು ಎಂದು ನೋಡಲಾದರೂ ಹೊರಗೆ ಬಂದಾನು.

ಇಂತಿ,
ನಿಮ್ಮ ಕಡತದಲ್ಲಿ ಇಪ್ಪತ್ತೊಂದು ಸತ್ತ ಕುರಿಗಳ,
ರೊಪ್ಪದಲ್ಲಿ 'ಅದಾವು' ಎನ್ನುವಷ್ಟು ಕುರಿಗಳ ಒಡತಿ,
ಶೃತಿ
ಮಸ್ಕತ್